ಸ್ವತಂತ್ರ ತಂತ್ರಾಂಶವೂ ಸ್ಥಳೀಯ ಸಮಾಜವೂ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳನ್ನು ಕುರಿತು ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಗಣಕಯಂತ್ರವು ಇಂದು ಹೊಸ ವಸ್ತುವಲ್ಲ. ಸಹಕಾರಿ ಸಂಘಗಳ ಲೆಕ್ಕಪತ್ರ, ಅಡಕೆಯ ವ್ಯಾಪಾರದ ದಾಖಲೆ, ಕಾಲೇಜುಗಳ ಪ್ರವೇಶಪಟ್ಟಿ, ಗ್ರಂಥಾಲಯದ ಪುಸ್ತಕಸೂಚಿ, ಜಾತ್ರೆಯ ಆಮಂತ್ರಣ, ಯಕ್ಷಗಾನ ಪ್ರಸಂಗದ ಪಠ್ಯ ಇವೆಲ್ಲವೂ ಆ ಯಂತ್ರದ ಮೂಲಕವೇ ಸಿದ್ಧವಾಗುತ್ತಿವೆ. ಆದರೂ ಒಂದು ಪ್ರಶ್ನೆಯನ್ನು ನಾವು ವಿರಳವಾಗಿ ಕೇಳಿಕೊಳ್ಳುತ್ತೇವೆ. ಯಂತ್ರವನ್ನು ಹಣ ಕೊಟ್ಟು ತಂದವರು ನಾವು. ಅದರಲ್ಲಿ ಬರೆದಿಟ್ಟ ವಿಷಯವೂ ನಮ್ಮದೇ. ಆದರೆ ಆ ವಿಷಯವನ್ನು ಬರೆದಿಡುವ ಮತ್ತು ಮುಂದೊಂದು ದಿನ ಓದಿ ತೋರಿಸಬೇಕಾದ ತಂತ್ರಾಂಶವು ಯಾರದು? ಅದು ಕೆಟ್ಟರೆ ತಿದ್ದುವ ಹಕ್ಕು ಯಾರಿಗಿದೆ? ಅದನ್ನು ಮಾಡಿದವರು ನಾಳೆ ಕೈಬಿಟ್ಟರೆ ನಮ್ಮ ದಾಖಲೆಗಳ ಗತಿಯೇನು?

ಸ್ವತಂತ್ರ ಮತ್ತು ಮುಕ್ತ ತಂತ್ರಾಂಶದ ವಿಚಾರವು ಈ ಪ್ರಶ್ನೆಗಳಿಗೆ ಸಂಬಂಧಿಸಿದುದು. ಸಾಮಾನ್ಯವಾಗಿ ಇದನ್ನು ‘ಬೆಲೆಯಿಲ್ಲದೆ ದೊರೆಯುವ ತಂತ್ರಾಂಶ’ ಎಂದಷ್ಟೇ ತಿಳಿಯಲಾಗುತ್ತದೆ. ಹಾಗೆ ತಿಳಿದರೆ ವಿಷಯದ ತಿರುಳು ಕೈತಪ್ಪುತ್ತದೆ. ಇಲ್ಲಿ ಮುಖ್ಯವಾದುದು ಬೆಲೆಯಲ್ಲ, ಹಕ್ಕು. ಮತ್ತು ಆ ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು, ಅದನ್ನು ಚಲಾಯಿಸಬಲ್ಲ ಜನರು ಆಯಾ ಊರಿನಲ್ಲಿಯೇ ಇರಬೇಕು. ಪ್ರಕೃತ ಲೇಖನದಲ್ಲಿ ಈ ಎರಡು ಅಂಶಗಳನ್ನು ಮೇಲೆ ಹೇಳಿದ ಮೂರು ತಾಲ್ಲೂಕುಗಳ ಪರಿಸರದಲ್ಲಿಟ್ಟು ವಿವೇಚಿಸಲಾಗುವುದು.

೨. ಸ್ವತಂತ್ರ ತಂತ್ರಾಂಶವೆಂದರೇನು?

ತಂತ್ರಾಂಶವನ್ನು ರಚಿಸುವವನು ಮೊದಲು ಅದನ್ನು ಮನುಷ್ಯರು ಓದಬಹುದಾದ ಒಂದು ಕೃತಕ ಭಾಷೆಯಲ್ಲಿ ಬರೆಯುತ್ತಾನೆ. ಇದಕ್ಕೆ ಮೂಲಸಂಕೇತವೆಂದು ಹೆಸರು. ಅನಂತರ ಅದು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳ ಸಾಲಾಗಿ ಮಾರ್ಪಡುತ್ತದೆ. ಅಂಗಡಿಯಲ್ಲಿ ಕೊಳ್ಳುವ ಬಹುಪಾಲು ತಂತ್ರಾಂಶಗಳಲ್ಲಿ ನಮಗೆ ದೊರೆಯುವುದು ಈ ಎರಡನೆಯ ರೂಪವಷ್ಟೆ. ಅದನ್ನು ನಡೆಸಬಹುದು, ಒಳಗೆ ಏನು ನಡೆಯುತ್ತಿದೆಯೆಂದು ಓದಿ ತಿಳಿಯುವುದಾಗಲಿ, ನಮ್ಮ ಅನುಕೂಲಕ್ಕೆ ತಕ್ಕಂತೆ ತಿದ್ದುವುದಾಗಲಿ ಸಾಧ್ಯವಿಲ್ಲ. ಪರವಾನಗಿಯ ನಿಬಂಧನೆಗಳು ಪ್ರತಿಮಾಡಿ ಇನ್ನೊಬ್ಬರಿಗೆ ಕೊಡುವುದನ್ನೂ ನಿಷೇಧಿಸುತ್ತವೆ.

ಈ ಪದ್ಧತಿಗೆ ಪ್ರತಿಯಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ೧೯೮೩ರ ಸೆಪ್ಟೆಂಬರ್ ೨೭ರಂದು ‘ಗ್ನು’ ಎಂಬ ಯೋಜನೆಯನ್ನು ಪ್ರಕಟಿಸಿದರು. ೧೯೮೫ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಸ್ಥಾಪಿತವಾಯಿತು. ತಂತ್ರಾಂಶವನ್ನು ಯಾವುದೇ ಉದ್ದೇಶಕ್ಕೆ ಬಳಸುವ, ಅದರ ಮೂಲಸಂಕೇತವನ್ನು ಅಭ್ಯಸಿಸಿ ತಿದ್ದುವ, ಪ್ರತಿಗಳನ್ನು ಹಂಚುವ, ತಿದ್ದಿದ ರೂಪವನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರನಿಗೆ ಇರಬೇಕೆಂಬುದು ಈ ಪಂಥದ ಮೂಲ ಪ್ರಮೇಯ. ೧೯೮೯ರಲ್ಲಿ ರೂಪುಗೊಂಡ ‘ಗ್ನು ಸಾರ್ವಜನಿಕ ಪರವಾನಗಿ’ಯು ಇದಕ್ಕೆ ಒಂದು ಕಟ್ಟಳೆಯನ್ನು ಸೇರಿಸಿತು: ತಿದ್ದಿದ ತಂತ್ರಾಂಶವನ್ನು ಹಂಚುವವನು ಅದನ್ನು ಪಡೆಯುವವರಿಗೂ ಇದೇ ಸ್ವಾತಂತ್ರ್ಯಗಳನ್ನು ಕೊಡಬೇಕು. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಬರೆಯತೊಡಗಿದ ಲಿನಕ್ಸ್ ೧೯೯೨ರಲ್ಲಿ ಈ ಪರವಾನಗಿಗೆ ಒಳಪಟ್ಟಿತು. ‘ಮುಕ್ತ ಆಕರ’ ಎಂಬ ಹೆಸರು ೧೯೯೮ರಲ್ಲಿ ಬಳಕೆಗೆ ಬಂದಿತು. ಎರಡು ಹೆಸರುಗಳ ಹಿಂದಿರುವ ತಾತ್ತ್ವಿಕ ಭೇದವು ಸೂಕ್ಷ್ಮವಾದುದು. ನಮ್ಮ ಪ್ರಸ್ತುತ ವಿಷಯಕ್ಕೆ ಅದು ಬಾಧಕವಲ್ಲ.

೩. ಸೊಪ್ಪಿನ ಬೆಟ್ಟದ ದೃಷ್ಟಾಂತ

ಸ್ವಾಮ್ಯವಿಲ್ಲದೆಯೂ ಹಕ್ಕು ಇರಬಹುದು ಎಂಬ ಮಾತು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಮೂರು ತಾಲ್ಲೂಕುಗಳ ಅಡಕೆ ಬೆಳೆಗಾರರಿಗೆ ಅದು ಹೊಸದಲ್ಲ. ಇಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಬೆಟ್ಟದ ನೆಲ ಸರಕಾರದ್ದು. ತೋಟದ ಒಡೆಯನು ಅಲ್ಲಿಂದ ಹಸಿರು ಸೊಪ್ಪನ್ನೂ ದರಕನ್ನೂ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರಮಾಡಿ, ತೋಟಕ್ಕೆ ಹಾಕಬಹುದು. ಆದರೆ ಬೆಟ್ಟವನ್ನು ತನ್ನ ಸ್ವಂತದ ಆಸ್ತಿಯೆಂದು ಬಗೆದು ಮನಬಂದಂತೆ ಮಾರುವಂತಿಲ್ಲ, ಬೇರೆ ಬಳಕೆಗೆ ತಿರುಗಿಸುವಂತಿಲ್ಲ. ಅಂದರೆ, ಬಳಕೆಯ ಹಕ್ಕು ವಿಶಾಲವಾಗಿದೆ. ಅದಕ್ಕೆ ಕಟ್ಟಳೆಗಳೂ ಇವೆ. ಈ ಹಕ್ಕಿಲ್ಲದಿದ್ದರೆ ತೋಟದ ಒಡೆತನವು ಇದ್ದೂ ಇಲ್ಲದಂತೆಯೇ ಸರಿ.

ಸ್ವತಂತ್ರ ತಂತ್ರಾಂಶದ ಪರವಾನಗಿಯೂ ಇಂತಹುದೇ ಒಂದು ಏರ್ಪಾಡು. ಗ್ರಂಥಸ್ವಾಮ್ಯವು ಬರೆದವನಲ್ಲಿಯೇ ಇರುತ್ತದೆ; ಬಳಸುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಸಲ್ಲುತ್ತದೆ. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ಬೆಟ್ಟದಲ್ಲಿ ಒಬ್ಬನು ಕೊಯ್ದ ಸೊಪ್ಪು ಇನ್ನೊಬ್ಬನಿಗೆ ದೊರೆಯದು. ಅತಿಯಾಗಿ ಸವರಿದ ಬೆಟ್ಟಗಳು ಬೋಳಾದುದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ತಂತ್ರಾಂಶವಾದರೋ ಎಷ್ಟು ಪ್ರತಿ ತೆಗೆದರೂ ಸವೆಯುವುದಿಲ್ಲ. ಅಲ್ಲಿ ಸವೆಯುವುದು ಬೇರೊಂದು ವಸ್ತು. ಅದನ್ನು ಮುಂದೆ ವಿವರಿಸಲಾಗಿದೆ. ಗ್ನು ಯೋಜನೆ ಪ್ರಕಟವಾದ ಅದೇ ತಿಂಗಳ ೮ರಂದು ಶಿರಸಿ ತಾಲ್ಲೂಕಿನ ಸಲ್ಕಣಿಯ ಸುತ್ತಿನ ಜನರು ಮರಗಳನ್ನು ಅಪ್ಪಿ ನಿಂತು ‘ಅಪ್ಪಿಕೋ’ ಚಳವಳಿಯನ್ನು ಆರಂಭಿಸಿದ್ದರು. ಇವೆರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಸಾಮುದಾಯಿಕ ಸಂಪತ್ತನ್ನು ಯಾರು ಕಾಯಬೇಕೆಂಬ ಪ್ರಶ್ನೆ ಎರಡರಲ್ಲಿಯೂ ಒಂದೇ ಆಗಿತ್ತು.

೪. ಕನ್ನಡ ದಾಖಲೆಗಳ ಅನುಭವ

ಮೇಲಣ ತತ್ತ್ವವು ನಮ್ಮ ನಿತ್ಯವ್ಯವಹಾರಕ್ಕೆ ಹೇಗೆ ತಾಗುತ್ತದೆಂಬುದನ್ನು ಕನ್ನಡ ಬೆರಳಚ್ಚಿನ ಇತಿಹಾಸದಿಂದ ತಿಳಿಯಬಹುದು. ಮೊದಲ ಕಾಲದ ಗಣಕಯಂತ್ರಗಳಲ್ಲಿ ಒಂದು ಅಕ್ಷರಮಾಲೆಗೆ ೨೫೬ ಸ್ಥಾನಗಳು ಮಾತ್ರ ಲಭ್ಯವಿದ್ದವು. ಅವು ರೋಮನ್ ಲಿಪಿಗಾಗಿ ನಿಗದಿಯಾಗಿದ್ದವು. ಕನ್ನಡ ಫಾಂಟುಗಳನ್ನು ರಚಿಸಿದವರು ಆ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ತಲೆಕಟ್ಟು ಒಂದು ಕಡೆ, ಒಡಲು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಪರದೆಯ ಮೇಲೂ ಕಾಗದದ ಮೇಲೂ ಕನ್ನಡವು ಸೊಗಸಾಗಿಯೇ ಮೂಡುತ್ತಿತ್ತು. ಆದರೆ ಯಂತ್ರದ ಪಾಲಿಗೆ ಅದು ಕನ್ನಡವಾಗಿರಲಿಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ರೋಮನ್ ಅಕ್ಷರಗಳ ಅರ್ಥಹೀನ ಸಾಲು ಕಾಣುತ್ತಿತ್ತು. ನುಡಿ ಕ್ರಮದಲ್ಲಿ ಬರೆದ ‘ಕನ್ನಡ’ ಎಂಬ ಪದದ ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಬರುವುದನ್ನು ಅನೇಕರು ಕಂಡಿರಬಹುದು.

ಈ ಕಾಲದ ತಂತ್ರಾಂಶಕಾರರ ಸೇವೆಯನ್ನು ಕಡಿಮೆಮಾಡಿ ಹೇಳುವುದು ಇಲ್ಲಿನ ಉದ್ದೇಶವಲ್ಲ. ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶ್ರೀ ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡಿಗರ ಕೈಗೆ ಯಂತ್ರವನ್ನು ಕೊಟ್ಟವು. ಆದರೆ ಬೆಲೆಯಿಲ್ಲದೆ ದೊರೆಯುವುದು ಒಂದು, ಬಂಧನವಿಲ್ಲದೆ ದೊರೆಯುವುದು ಇನ್ನೊಂದು ಎಂಬುದನ್ನು ಅಂದು ಹೆಚ್ಚು ಜನ ಗಮನಿಸಲಿಲ್ಲ.

ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಸಂಕೇತಕ್ರಮದಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ೧೨೮ ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಅಲ್ಲಿ ‘ಕ’ ಎಂಬುದು ಎಲ್ಲ ಯಂತ್ರಗಳಲ್ಲಿಯೂ ‘ಕ’ವೇ. ಆದರೆ ಅದು ನಮ್ಮ ಕಚೇರಿಗಳಲ್ಲಿ ನೆಲೆಗೊಳ್ಳುವುದಕ್ಕೆ ಎರಡು ದಶಕಗಳೇ ಹಿಡಿದವು. ಅಷ್ಟರಲ್ಲಿ ಬೆರಳಚ್ಚಾದ ವರದಿಗಳು, ಸ್ಮರಣಸಂಚಿಕೆಗಳು, ಪ್ರಸಂಗಪಠ್ಯಗಳು ಹಳೆಯ ಕ್ರಮದಲ್ಲಿಯೇ ಉಳಿದವು. ೨೦೦೩ರಲ್ಲಿ ಸಿದ್ದಾಪುರದ ಒಂದು ಸಂಘವು ತನ್ನ ಐವತ್ತು ವರ್ಷಗಳ ಇತಿಹಾಸವನ್ನು ಹೀಗೆ ಬೆರಳಚ್ಚು ಮಾಡಿಸಿತ್ತೆಂದು ಭಾವಿಸೋಣ. ಇಂದು ಆ ಕಡತದಲ್ಲಿ ಒಬ್ಬ ಸದಸ್ಯನ ಹೆಸರನ್ನು ಹುಡುಕಿದರೆ ಯಂತ್ರಕ್ಕೆ ಅದು ಸಿಕ್ಕುವುದಿಲ್ಲ. ಯಾವ ಫಾಂಟಿನಲ್ಲಿ ಬರೆಯಲಾಗಿತ್ತೆಂಬುದು ಮರೆತುಹೋದರೆ ಕಡತವಿದ್ದೂ ಓದಲಾಗದು.

ಈ ತೊಡಕಿನಿಂದ ಬಿಡುಗಡೆ ದೊರೆತ ಬಗೆಯು ಬೋಧಪ್ರದವಾಗಿದೆ. ಫಾಂಟಿನ ಯಾವ ಸ್ಥಾನದಲ್ಲಿ ಯಾವ ಅಕ್ಷರಭಾಗವಿದೆಯೆಂಬ ಕ್ರಮವು ಬಹಿರಂಗವಾಗಿ ತಿಳಿದಿದ್ದ ಕಡೆ, ಆಸಕ್ತರಾದ ಕನ್ನಡಿಗರು ಪರಿವರ್ತಕಗಳನ್ನು ಬರೆದರು. ಅಂತಹ ಕೆಲವುಗಳ ಮೂಲಸಂಕೇತವೂ ಮುಕ್ತವಾಗಿದೆ. ತಯಾರಕರು ಕ್ರಮವನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದ ಕಡೆ ಕೆಲಸ ಕಷ್ಟವಾಯಿತು. ನಮ್ಮ ಬರಹವನ್ನು ಉಳಿಸಿದುದು ತಂತ್ರಾಂಶದ ಬೆಲೆಯಲ್ಲ, ಅದರ ಒಳಕ್ರಮದ ಬಹಿರಂಗತೆ. ಇಂದು ಲಿನಕ್ಸ್ ವ್ಯವಸ್ಥೆಯಲ್ಲಿ ಕಗಪ ಕೀಲಿಮಣೆ ವಿನ್ಯಾಸವು ಒದಗುತ್ತದೆ. ಶ್ರೀ ಅರವಿಂದ ವಿ. ಕೆ. ಅವರು ರಚಿಸಿದ ‘ಗುಬ್ಬಿ’ ಮತ್ತು ‘ನವಿಲು’ ಎಂಬ ಫಾಂಟುಗಳು ಡೆಬಿಯನ್ ಸಂಗ್ರಹದಲ್ಲಿ ಸೇರಿವೆ; ಲಿಬ್ರೆಆಫೀಸಿನಲ್ಲಿ ಕನ್ನಡವನ್ನು ಸರಾಗವಾಗಿ ಬರೆಯಬಹುದು.

೫. ಎರಡು ನಿದರ್ಶನಗಳು

ಮೊದಲನೆಯದು ಕನ್ನಡದ ಗಡಿನಾಡಿನದು. ಕೇರಳ ಸರಕಾರವು ೨೦೦೧ರಲ್ಲಿ ಶಾಲೆಗಳಿಗಾಗಿ ‘ಐಟಿ ಅಟ್ ಸ್ಕೂಲ್’ ಯೋಜನೆಯನ್ನು ಆರಂಭಿಸಿ, ಆ ದಶಕದಲ್ಲಿಯೇ ಅದನ್ನು ಗ್ನು-ಲಿನಕ್ಸ್ ಆಧಾರದ ಮೇಲೆ ನಿಲ್ಲಿಸಿತು. ೨೦೧೭ರಲ್ಲಿ ಈ ಯೋಜನೆಯು ‘ಕೈಟ್’ ಎಂಬ ಸಂಸ್ಥೆಯಾಯಿತು. ಇದರ ಫಲವಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕಪಾಠವನ್ನು ಕನ್ನಡ ಪುಸ್ತಕದಿಂದ, ಸ್ವತಂತ್ರ ತಂತ್ರಾಂಶದ ಮೇಲೆಯೇ ಕಲಿಯುತ್ತಾರೆ. ಅಲ್ಲಿ ಯಶಸ್ಸಿಗೆ ಕಾರಣವಾದುದು ತಂತ್ರಾಂಶವೊಂದೇ ಅಲ್ಲ. ಶಾಲಾ ಅಧ್ಯಾಪಕರಲ್ಲಿಯೇ ಕೆಲವರಿಗೆ ತರಬೇತಿಯಿತ್ತು ಅವರನ್ನು ಇತರರ ಮಾರ್ಗದರ್ಶಕರನ್ನಾಗಿ ಮಾಡಿದುದೇ ಮುಖ್ಯ ಕಾರಣವೆನ್ನಬಹುದು. ಕರ್ನಾಟಕದಲ್ಲಿಯೂ ೨೦೧೦ರ ದಶಕದಲ್ಲಿ ವಿಷಯಶಿಕ್ಷಕರ ವೇದಿಕೆ ಹಾಗೂ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಮೂಲಕ ಇದೇ ದಿಕ್ಕಿನ ಪ್ರಯತ್ನವು ನಡೆಯಿತು. ಕೇಂದ್ರ ಸರಕಾರವು ೨೦೧೫ರಲ್ಲಿ ಮುಕ್ತ ಆಕರ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು.

ಎರಡನೆಯದು ದೂರದ ನ್ಯೂಜಿಲೆಂಡಿನದು. ಅಲ್ಲಿನ ಹೊರೊವೆನುವಾ ಎಂಬ ಪ್ರದೇಶದ ಸಾರ್ವಜನಿಕ ಗ್ರಂಥಾಲಯವು ೧೯೯೯ರಲ್ಲಿ ತನಗೆ ಬೇಕಾದ ತಂತ್ರಾಂಶವನ್ನು ಒಂದು ಸಣ್ಣ ಸಂಸ್ಥೆಯಿಂದ ಬರೆಯಿಸಿ, ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ೨೦೦೦ದ ಆರಂಭದಲ್ಲಿ ಬಳಕೆಗೆ ಬಂದ ಈ ‘ಕೋಹಾ’ ತಂತ್ರಾಂಶವು ಇಂದು ಭಾರತದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿದೆ. ಕೋಹಾ ಎಂಬುದು ಮಾವೊರಿ ಭಾಷೆಯ ಪದ. ಪ್ರತಿಯಾಗಿ ಏನನ್ನಾದರೂ ಸಲ್ಲಿಸಬೇಕೆಂಬ ನಿರೀಕ್ಷೆಯೊಡಗೂಡಿದ ಕಾಣಿಕೆಯೆಂದು ಅದರ ಅರ್ಥ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಆದರೆ ಋಣ ಇದೆ.

೬. ಸವೆಯುವುದು ಯಾವುದು?

ಇನ್ನು ಮೊದಲೇ ಸೂಚಿಸಿದ ಅಂಶಕ್ಕೆ ಬರೋಣ. ಸ್ವತಂತ್ರ ತಂತ್ರಾಂಶದಲ್ಲಿ ಸವೆಯುವುದು ವಸ್ತುವಲ್ಲ, ಅದನ್ನು ನೋಡಿಕೊಳ್ಳುವವರ ಶಕ್ತಿ. ೨೦೨೪ರ ಮಾರ್ಚ್ ತಿಂಗಳಲ್ಲಿ ಇದಕ್ಕೆ ಒಂದು ಗಂಭೀರವಾದ ಉದಾಹರಣೆ ದೊರೆಯಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬರೇ ವ್ಯಕ್ತಿ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರ ಬಳಲಿಕೆಯ ಸಮಯವನ್ನು ಸಾಧಿಸಿ, ಸಹಾಯಕನ ವೇಷದಲ್ಲಿ ಬಂದ ಒಬ್ಬ ಅಜ್ಞಾತನು ವಿಶ್ವಾಸವನ್ನು ಗಳಿಸಿ, ಗುಪ್ತವಾಗಿ ಒಳನುಗ್ಗುವ ಮಾರ್ಗವೊಂದನ್ನು ಅದರಲ್ಲಿ ಅಡಗಿಸಿದನು. ಆಂಡ್ರೆಸ್ ಫ್ರೊಯಿಂಡ್ ಎಂಬ ತಂತ್ರಜ್ಞರು ತಮ್ಮ ಯಂತ್ರದಲ್ಲಿ ಸುಮಾರು ಅರ್ಧ ಸೆಕೆಂಡಿನ ವಿಳಂಬವನ್ನು ಗಮನಿಸಿ, ಕಾರಣವನ್ನು ಹುಡುಕಿ, ಇದನ್ನು ಬಯಲಿಗೆಳೆದರು.

ಈ ಘಟನೆಯಿಂದ ಎರಡು ಪಾಠಗಳನ್ನು ಕಲಿಯಬಹುದು. ಮೂಲಸಂಕೇತವು ಮುಕ್ತವಾಗಿದ್ದುದರಿಂದ ಹೊರಗಿನವರೊಬ್ಬರು ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಆದರೆ ಮುಕ್ತವಾಗಿದೆಯೆಂಬ ಮಾತ್ರಕ್ಕೆ ಅದು ಸುರಕ್ಷಿತವಾಗಿರಲಿಲ್ಲ. ನೋಡುವ ಕಣ್ಣುಗಳು ಅಲ್ಲಿ ಕಡಿಮೆಯಾಗಿದ್ದವು. ಸೊಪ್ಪನ್ನು ಕೊಯ್ಯುವವರು ಹಲವರಿದ್ದು, ಗಿಡ ನೆಡುವವರಿಲ್ಲದ ಬೆಟ್ಟದ ಸ್ಥಿತಿ ಅದು. ಆದುದರಿಂದ ಸ್ವತಂತ್ರ ತಂತ್ರಾಂಶದ ಪ್ರಚಾರವೆಂದರೆ ಬಳಸುವವರ ಸಂಖ್ಯೆಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಅದನ್ನು ನೋಡಿಕೊಳ್ಳುವವರನ್ನು ಸಿದ್ಧಗೊಳಿಸುವುದು.

೭. ಮೂರು ತಾಲ್ಲೂಕುಗಳಲ್ಲಿ ಮಾಡಬಹುದಾದ ಕಾರ್ಯ

ಈ ದೃಷ್ಟಿಯಿಂದ ನೋಡಿದರೆ ಮೂರು ತಾಲ್ಲೂಕುಗಳಲ್ಲಿ ಕೈಗೊಳ್ಳಬಹುದಾದ ಕೆಲಸಗಳು ತಾವಾಗಿಯೇ ಗೋಚರಿಸುತ್ತವೆ.

ಮೊದಲನೆಯದಾಗಿ, ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು. ಪರಿವರ್ತಕವು ಕೆಲಸದ ಬಹುಪಾಲನ್ನು ಮಾಡುತ್ತದೆ. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಉಳಿಯುವ ತಪ್ಪುಗಳನ್ನು ಮಾತ್ರ ಮನುಷ್ಯರೇ ತಿದ್ದಬೇಕು. ಇದು ಭಾಷಾ ವಿದ್ಯಾರ್ಥಿಗಳಿಗೆ ತಕ್ಕ ಅಭ್ಯಾಸ. ಹಕ್ಕುಸ್ವಾಮ್ಯದ ಅವಧಿ ಮುಗಿದ ಯಕ್ಷಗಾನ ಪ್ರಸಂಗಗಳನ್ನು ಕನ್ನಡ ವಿಕಿಸೋರ್ಸಿನಲ್ಲಿ ಸೇರಿಸಿದರೆ ಅವು ಎಲ್ಲರಿಗೂ ದೊರೆಯುತ್ತವೆ.

ಎರಡನೆಯದಾಗಿ, ಹಳೆಯ ಯಂತ್ರಗಳ ಪುನರುಪಯೋಗ. ವಿಂಡೋಸ್ ೧೦ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ಮುಂದಿನ ಆವೃತ್ತಿಯು ಬೇಡುವ ಭಾಗಗಳು ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಇಲ್ಲ. ಯಂತ್ರವು ಗಟ್ಟಿಮುಟ್ಟಾಗಿದ್ದರೂ ಅದನ್ನು ಗುಜರಿಗೆ ಹಾಕಬೇಕಾದ ಸನ್ನಿವೇಶ ಇದು. ಹಗುರವಾದ ಒಂದು ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಿದರೆ ಅಂತಹ ಯಂತ್ರಗಳು ಶಾಲೆಯ ಪ್ರಯೋಗಶಾಲೆಯಲ್ಲಿ ಇನ್ನೂ ಕೆಲವು ವರ್ಷ ದುಡಿಯಬಲ್ಲವು.

ಮೂರನೆಯದಾಗಿ, ಮಳೆಗಾಲದ ವಿಚಾರ. ಗಾಳಿಮಳೆಗೆ ಮರ ಉರುಳಿ ತಂತಿ ಹರಿದಾಗ ಘಟ್ಟದ ಹಳ್ಳಿಗಳಲ್ಲಿ ವಿದ್ಯುತ್ತೂ ಅಂತರ್ಜಾಲವೂ ದಿನಗಟ್ಟಲೆ ಇಲ್ಲವಾಗುವುದುಂಟು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ‘ಕಿವಿಕ್ಸ್’ ಎಂಬ ಸ್ವತಂತ್ರ ತಂತ್ರಾಂಶದ ಸಹಾಯದಿಂದ ಒಂದು ಯಂತ್ರದಲ್ಲಿ ಇಳಿಸಿಟ್ಟರೆ, ಅಂತರ್ಜಾಲವಿಲ್ಲದೆಯೂ ವಿದ್ಯಾರ್ಥಿಗಳು ಅದನ್ನು ಓದಬಹುದು.

ನಾಲ್ಕನೆಯದಾಗಿ, ಸಹಕಾರಿ ಸಂಘಗಳ ಎಚ್ಚರ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯು ಸ್ಥಾಪಿತವಾದುದು ೧೯೨೩ರಲ್ಲಿ. ಶತಮಾನವನ್ನು ದಾಟಿದ ಸಂಸ್ಥೆಗಳಿರುವ ಈ ನಾಡಿನಲ್ಲಿ, ದಾಖಲೆಯ ಆಯುಷ್ಯವು ತಂತ್ರಾಂಶದ ಆಯುಷ್ಯಕ್ಕಿಂತ ದೀರ್ಘವಾಗಿರಬೇಕಾದುದು ಸಹಜ. ದೇಶದ ಸುಮಾರು ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟವು ೨೦೨೨ರ ಜೂನ್‌ನಲ್ಲಿ ಒಪ್ಪಿಗೆಯಿತ್ತಿತು. ಯಾವುದೇ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಆಡಳಿತ ಮಂಡಳಿಯು ಒಂದು ಪ್ರಶ್ನೆಯನ್ನು ಕೇಳಬೇಕು: ನಾಳೆ ನಾವು ಇದನ್ನು ಬಿಟ್ಟರೆ, ನಮ್ಮ ಖಾತೆಗಳು ಬೇರೆ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಪೂರ್ಣವಾಗಿ ನಮ್ಮ ಕೈಗೆ ಬರುವುವೇ? ಇದಕ್ಕೆ ಲಿಖಿತವಾದ ಉತ್ತರವಿರಬೇಕು.

ಕೊನೆಯದಾಗಿ, ಇವೆಲ್ಲಕ್ಕೂ ಆಧಾರವಾದ ವಿದ್ಯಾರ್ಥಿಮಂಡಲ. ಪ್ರತಿಯೊಂದು ಕಾಲೇಜಿನಲ್ಲಿ ಐದಾರು ಮಂದಿ ಈ ವ್ಯವಸ್ಥೆಯನ್ನು ಸ್ಥಾಪಿಸಲು, ಮುದ್ರಣಯಂತ್ರವನ್ನು ಜೋಡಿಸಲು, ಕೆಟ್ಟುದನ್ನು ಗುರುತಿಸಲು ಕಲಿತರೆ, ಮೂರು ತಾಲ್ಲೂಕುಗಳ ಮಂಡಲಗಳು ಮುಯ್ಯಾಳಿನಂತೆ ಪರಸ್ಪರ ನೆರವಾಗಬಹುದು. ಕನ್ನಡ ಅನುವಾದದಲ್ಲಿ ಒಂದು ತಪ್ಪು ಕಂಡರೆ ಅದನ್ನು ತಿದ್ದಿ ಮೂಲಕ್ಕೆ ಕಳುಹಿಸುವುದೂ ಇವರ ಕೆಲಸವಾಗಬೇಕು. ಮುಯ್ಯಿಯನ್ನು ತೀರಿಸುವ ಬಗೆ ಅದು.

೮. ಆಕ್ಷೇಪಗಳು

ಈ ಮಾರ್ಗದಲ್ಲಿ ತೊಂದರೆಗಳಿಲ್ಲವೆಂದು ಹೇಳಲಾಗದು. ಲೆಕ್ಕಪರಿಶೋಧಕರು ಒಂದು ನಿರ್ದಿಷ್ಟ ತಂತ್ರಾಂಶದ ಕಡತವನ್ನೇ ಕೇಳುವುದುಂಟು. ಮುದ್ರಣಾಲಯಗಳ ಪುಟವಿನ್ಯಾಸವು ಹಳೆಯ ಫಾಂಟುಗಳಿಗೆ ಕಟ್ಟುಬಿದ್ದಿರುತ್ತದೆ. ಉದ್ಯೋಗವನ್ನು ಅರಸುವ ವಿದ್ಯಾರ್ಥಿಗೆ ಪೇಟೆಯಲ್ಲಿ ಬಳಕೆಯಿರುವ ತಂತ್ರಾಂಶದ ಪರಿಚಯವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಲಿತ ತರುಣರು ಬೆಂಗಳೂರಿಗೆ ಹೋಗಿಬಿಟ್ಟರೆ ಊರಿನಲ್ಲಿ ಉಳಿಯುವವರಾರು ಎಂಬ ಪ್ರಶ್ನೆಯಿದೆ. ಇವಕ್ಕೆ ಒಂದೇ ಏಟಿನ ಪರಿಹಾರವಿಲ್ಲ. ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕಾಗಿಯೂ ಇಲ್ಲ. ಇದ್ದ ವ್ಯವಸ್ಥೆಯಲ್ಲಿಯೇ ಲಿಬ್ರೆಆಫೀಸನ್ನೂ ಯೂನಿಕೋಡನ್ನೂ ಬಳಸತೊಡಗಿದರೆ ಅರ್ಧ ದಾರಿ ಸಾಗಿದಂತೆಯೇ. ಊರು ಬಿಟ್ಟು ಹೋದವರೂ, ಮೂಲಸಂಕೇತವು ಎಲ್ಲಿಂದಲಾದರೂ ಕೈಗೆ ಸಿಗುವುದರಿಂದ, ದೂರದಿಂದಲೇ ನೆರವಾಗಬಲ್ಲರು.

ಆದರೆ ಒಂದು ಕೆಲಸ ಮಾತ್ರ ಕಾಯುವಂತಹುದಲ್ಲ. ಹಳೆಯ ಕಡತಗಳಿರುವ ಅಡಕಮುದ್ರಿಕೆಗಳೂ ಹಳೆಯ ಯಂತ್ರಗಳೂ ವರ್ಷದಿಂದ ವರ್ಷಕ್ಕೆ ಕೆಡುತ್ತಿವೆ. ಅವುಗಳನ್ನು ಬೆರಳಚ್ಚು ಮಾಡಿದವರು, ಯಾವ ತಂತ್ರಾಂಶದಲ್ಲಿ ಯಾವ ಫಾಂಟನ್ನು ಬಳಸಿದೆವೆಂದು ನೆನಪಿನಿಂದ ಹೇಳಬಲ್ಲವರು, ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಅವರನ್ನು ಕಂಡು, ಕಡತಗಳನ್ನು ಪರಿವರ್ತಿಸಿ, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಪ್ರತಿಗಳನ್ನು ಇಡುವುದು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವರ್ಷವೇ ಕೈಗೊಳ್ಳಬಹುದಾದ ಕಾರ್ಯವಾಗಿದೆ.